ಕಣ್ಣು ಕಟ್ಟಿದ ಕೋಣೆಗೆ ಬಂದ ಕುರಿಹಿಂಡು

ರಬಕವಿಯ ಒಂದು ಶಾಲೆಯನ್ನು ರಜೆಯ ದಿನಗಳಲ್ಲಿ ಕಣ್ಣಿನ ಆಸ್ಪತ್ರೆ ಮಾಡಿದ್ದೆವು. ಜಮಖಂಡಿ, ಮುಧೋಳ ಸಂಸ್ಥಾನಗಳು ಮುಂಬಯಿ ರಾಜ್ಯದೊಳಗೆ ಸೇರಿ ಬಹಳ ಕಾಲವಾಗಿರಲಿಲ್ಲ. ಮೋತಿಬಿಂದು, ಅಂದರೆ ಕಣ್ಣಿನ ಪೊರೆ, ತೆಗೆಯುವ ಸರ್ಜನ್ ಸಾಹೇಬರು ಪುಣೆಯ ಕಡೆಯಿಂದ ಬರಬೇಕಾಗಿತ್ತು. ಅವರು ಬಂದರು, ಬೆಂಚು ಜೋಡಿಸಿ ಮಾಡಿದ ಮೇಜಿನ ಮೇಲೆ ಒಬ್ಬರಾದ ಮೇಲೊಬ್ಬರ ಕಣ್ಣು ಕೊಯ್ದರು, ಮುಂದಿನ ಶಿಬಿರಕ್ಕೆಂದು ಜಮಖಂಡಿಯ ಬಸ್ಸು ಹತ್ತಿದರು. ಕೊಯ್ದ ಕಣ್ಣುಗಳನ್ನು ಕಾಯಲು ನಾನು ಉಳಿದೆ. ಜೊತೆಗೆ ಒಬ್ಬ ನರ್ಸಬಾಯಿ.

ಕಾಯುವುದು ಅಂದರೆ ಏನೆಂದು ಈಗಿನವರಿಗೆ ಹೇಳಬೇಕು. ಆಗ ಹೊಲಿಗೆ ಹಾಕುತ್ತಿರಲಿಲ್ಲ. ಕಪ್ಪುಗುಡ್ಡೆಯ ಅಂಚಿಗುಂಟ ಅರ್ಧಚಂದ್ರದ ಹಾಗೆ ಕೊಯ್ದು, ಬಿಳಿಗಟ್ಟಿದ ಮಸೂರವನ್ನು ತೆಗೆದು, ರೆಪ್ಪೆ ಮುಚ್ಚಿ ಪಟ್ಟಿ ಕಟ್ಟಿದರೆ ಮುಗಿಯಿತು. ಗಾಯ ತಾನಾಗಿ ಕೂಡಬೇಕು. ಒಂದು ಕಣ್ಣು ಹೊರಳಿದರೆ ಇನ್ನೊಂದೂ ಹೊರಳುತ್ತದೆಂದು ಎರಡನ್ನೂ ಕಟ್ಟುತ್ತಿದ್ದರು. ತಲೆಯ ಎರಡೂ ಬದಿಗೆ ಉಸುಕಿನ ಚೀಲ. ಅಂಗಾತ ಮಲಗಬೇಕು, ಕೆಮ್ಮಬಾರದು, ಅಗಿಯಬಾರದು. ಕಟಕರೊಟ್ಟಿ ತಿಂದು ಬೆಳೆದ ಮಂದಿಗೆ ಗಂಜಿ. ಯಾರಾದರೂ ಎದ್ದು ಕೂತರೆ, ತಲೆ ಝಾಡಿಸಿದರೆ, ಗಾಯ ಬಿಚ್ಚಿ ಕಣ್ಣಿನೊಳಗಿನದು ಹೊರಗೆ ಬರುತ್ತದೆ. ಆಮೇಲೆ ಯಾವ ಸರ್ಜನ್ ಬಂದರೂ ಪ್ರಯೋಜನವಿಲ್ಲ.

ನಮ್ಮ ಮನೆತನದಲ್ಲಿ ಸಹಿ ಮಾಡಲು ಕಲಿತ ಮೊದಲಿಗ ನಾನು. ಎಂ.ಬಿ.ಬಿ.ಎಸ್. ಆದ ಮೊದಲಿಗನೂ ನಾನೇ. ನಡುವೆ ಯಾರೂ ಇಲ್ಲ. ಕುರಿ ಕಾಯುವ ಮನೆಯಿಂದ ಮುಂಬಯಿಯ ಕಾಲೇಜಿನವರೆಗೆ ಹೇಗೆ ಹೋದೆ ಎಂಬುದು ಈ ಮಾತಿಗೆ ಬೇಡ. ಇಷ್ಟು ಹೇಳಿದ್ದು ಯಾಕೆಂದರೆ, ಆ ಶಿಬಿರದಲ್ಲಿ ನನಗೆ ನಿದ್ದೆ ಕೆಡಿಸಿದ ರೋಗಿ ನಮ್ಮವರೇ ಆಗಿದ್ದರು.

ಬೀಳಗಿಯ ಆಚೆಯ ಹಳ್ಳಿಯೊಂದರಲ್ಲಿ ಕುರುಬರ ದೇವರಾದ ಬೀರಪ್ಪನ ಪೂಜಾರಿ ಅವರು. ಎಡಗಣ್ಣು ಹರೆಯದಲ್ಲೇ ಜಾಲಿಮುಳ್ಳಿಗೆ ಹೋಗಿತ್ತು. ಉಳಿದ ಬಲಗಣ್ಣಿಗೆ ಮೋತಿಬಿಂದು ಬಂದು, ಹೆಂಡತಿ ಮುಂದೆ ಹಿಡಿದ ಕೋಲಿನ ತುದಿ ಹಿಡಿದು ಬಂದಿದ್ದರು. ಸರ್ಜನ್ ಸಾಹೇಬರು ಕೊಯ್ದದ್ದು ಆ ಒಂದೇ ಕಣ್ಣನ್ನು. ಪೂಜಾರಿಗೆ ಏನೋ ವ್ರತವಿತ್ತು. ಅದು ಮುಗಿಯುವವರೆಗೆ ಮನೆಮಂದಿ ಅವರನ್ನು ಮುಟ್ಟುವಂತಿಲ್ಲ, ನಾಲ್ಕು ಜನರ ನಡುವೆ ಅವರು ಮಲಗುವಂತಿಲ್ಲ. ಹಾಗಾಗಿ ಅವರ ತಮ್ಮ ಮೊದಲೇ ಮಾತಾಡಿ ಹಿಂಭಾಗದ ಸಣ್ಣ ಕೋಣೆಯನ್ನು ಕೇಳಿ ಪಡೆದಿದ್ದರು. ಕಲ್ಲಿನ ದಪ್ಪ ಗೋಡೆ, ಒಂದೇ ಕಿಟಕಿ, ಅದಕ್ಕೂ ಕರಿ ಪರದೆ. ಊರಿನ ಮಗ್ಗಗಳ ಸದ್ದು ಕೂಡ ಅಲ್ಲಿಗೆ ಬರುತ್ತಿರಲಿಲ್ಲ. ಇಂಥ ಶಾಂತ ಜಾಗ ಸಿಕ್ಕಿದ್ದು ಒಳ್ಳೆಯದೇ ಆಯಿತೆಂದು ಸರ್ಜನ್ ಸಾಹೇಬರೂ ಅಂದಿದ್ದರು, ನಾನೂ ಅಂದುಕೊಂಡಿದ್ದೆ.

ಮೊದಮೊದಲು ಎಲ್ಲ ಸರಿಯಿತ್ತು. ಒಂದು ಮುಂಜಾನೆ ಗಂಜಿ ಕುಡಿಸಿ ಏಳುವಾಗ ಅವರು ಮೆಲ್ಲಗೆ ಕೇಳಿದರು.

"ತಮ್ಮಾ, ಬಾಗಲಾ ಯಾರು ತಗದ್ರು?"

"ಬಾಗಲಾ ಹಾಕೈತ್ರಿ ಮುತ್ಯಾ."

"ಮತ್ತ ಕುರಿ ಹ್ಯಾಂಗ ಒಳಗ ಬರಾಕತ್ತಾವು?"

"ಎಲ್ಲಿ ಕುರಿ?"

"ಇಲ್ಲೇ. ಗ್ವಾಡ್ಯಾಗಿಂದ ಬರಾಕತ್ತಾವು. ಕಾಲು ನೆಲಕ್ಕ ಹತ್ತವಲ್ಲವು ನೋಡು."

ಅವರ ದನಿಯಲ್ಲಿ ಹೆದರಿಕೆ ಇರಲಿಲ್ಲ. ಬೆಟ್ಟದ ಇಳಿಜಾರಿನಲ್ಲಿ ಕೂತವನು ತನ್ನ ಮುಂದೆ ಹಾಯುವುದನ್ನು ಹೇಳುವಂತೆ ಹೇಳಿದರು. ಬೆಳ್ಳಗಿನ ಕುರಿಗಳು, ಸದ್ದಿಲ್ಲ, ಕೊರಳಗಂಟೆ ಇದೆ ಆದರೆ ನಾದವಿಲ್ಲ. ಅವುಗಳ ಹಿಂದೆ ಗೇಣುದ್ದದ ಮಂದಿ, ರುಮಾಲು ಸುತ್ತಿದವರು, ಛಾವಣಿಯ ತೊಲೆಯ ಮೇಲೆ ಸಾಲಾಗಿ ನಡೆಯುತ್ತಿದ್ದಾರೆ. ತೊಲೆಯ ತುದಿಗೆ ಕೃಷ್ಣೆ ಹರಿಯುತ್ತಿದ್ದಾಳೆ, ನೀಲಿ ಬಣ್ಣದಲ್ಲಿ, ಮೇಲ್ಮುಖವಾಗಿ.

ನಾನು ಕಲಿತ ಕ್ರಮದಲ್ಲೇ ನೋಡುತ್ತ ಹೋದೆ. ಕಣ್ಣಿಗೆ ಹಾಕುವ ಅಟ್ರೊಪಿನ್ ಹನಿ ಮೈಗೇರಿದರೆ ಹೀಗೆ ಬಡಬಡಿಸುವುದುಂಟು. ಆದರೆ ಆಗ ನಾಲಿಗೆ ಒಣಗುತ್ತದೆ, ಮುಖ ಕೆಂಪಾಗುತ್ತದೆ. ಇವರ ನಾಲಿಗೆ ಹಸಿಯಾಗಿತ್ತು, ನಾಡಿ ನಿಧಾನವಿತ್ತು. ಜ್ವರವಿಲ್ಲ. ಕುಡಿತ ಬಿಟ್ಟವರಿಗೆ ಹೀಗಾಗುತ್ತದೆಂದು ವರಾಂಡದಲ್ಲಿ ಉಣ್ಣೆ ನೂಲುತ್ತ ಕೂತಿದ್ದ ಅವರ ಹೆಂಡತಿಯನ್ನು ಕೇಳಿದೆ.

"ಆಯಿ, ಮುತ್ಯಾ ಸೆರೆ ಕುಡೀತಿದ್ರೇನ್ರಿ?"

ಆಕೆ ಕದಿರು ನಿಲ್ಲಿಸಲಿಲ್ಲ. "ಅಂವಾ ಮಜ್ಜಿಗಿ ಕುಡದ್ರಽ ತೂಕಡಸ್ತಾನ. ಸೆರೆ ಎಲ್ಲಿಂದ ಕುಡೀತಾನ?"

ಪಠ್ಯಪುಸ್ತಕದಲ್ಲಿ ಈ ಬಗ್ಗೆ ಇದ್ದದ್ದು ಒಂದೇ ಸಾಲು. ಕಣ್ಣು ಕಟ್ಟಿದ ಮುದುಕರಿಗೆ ಬುದ್ಧಿ ಕದಡಬಹುದು, ಕಾರಣ ವಯಸ್ಸು ಎಂಬರ್ಥದ್ದು. ಸರ್ಜನ್ ಸಾಹೇಬರು ಹೋಗುವಾಗ ಹೇಳಿದ್ದೂ ಅದೇ: ಯಾರಾದರೂ ಕದಲಿದರೆ ನಿದ್ದೆಯ ಸೂಜಿ ಹಾಕು, ಕೈ ಕಟ್ಟು. ಕೈ ಕಟ್ಟಲು ನನಗೆ ಮನಸ್ಸು ಬರಲಿಲ್ಲ. ಪ್ಯಾರಾಲ್ಡಿಹೈಡ್ ಸೂಜಿ ಹಾಕಿದೆ. ಅದರ ಕಟು ವಾಸನೆ ಕೋಣೆಯ ತುಂಬ ನಿಂತಿತು. ಅವರು ಮಲಗಿದರು. ಎದ್ದಾಗ ಮೊದಲಿಗಿಂತ ಕೆಟ್ಟಿದ್ದರು. ನಿದ್ದೆ ಯಾವುದು, ಎಚ್ಚರ ಯಾವುದು ಎಂಬ ಗಡಿ ಮುಂಚೆ ಸ್ವಲ್ಪವಾದರೂ ಇತ್ತು, ಸೂಜಿ ಅದನ್ನೂ ಅಳಿಸಿತ್ತು. ಈಗ ಕುರಿಗಳು ಎದೆಯ ಮೇಲೆ ಹಾಯುತ್ತಿದ್ದವು, ಅವನ್ನು ತಿರುಗಿಸಲು ಅವರ ಕೈ ಕೋಲು ಹುಡುಕುತ್ತಿತ್ತು.

ಆ ಸುದ್ದಿ ಹೇಗೋ ಹಳ್ಳಿ ಮುಟ್ಟಿತು. ಮಾರನೆಯ ಮಧ್ಯಾಹ್ನದ ಹೊತ್ತಿಗೆ ಪೂಜಾರಿಯ ತಮ್ಮ ಬಂದರು, ಹಿಂದೆ ಕಂಬಳಿ ಹೊದ್ದ ಮಂದಿ, ಒಂದು ಡೊಳ್ಳು. ಉಳಿದ ರೋಗಿಗಳು ಮಲಗಿದ್ದ ಶಾಲೆಯ ದೊಡ್ಡ ಹಾಲಿನಲ್ಲಿ ನಾನು ಪಟ್ಟಿ ಬದಲಿಸುತ್ತಿದ್ದೆ. ಅಂಗಳದಲ್ಲಿ ಡೊಳ್ಳಿಗೆ ಒಂದೇ ಒಂದು ಪೆಟ್ಟು ಬಿದ್ದದ್ದು ಕೇಳಿಸಿತು. ಓಡಿದೆ. ತಮ್ಮ ಕೋಣೆಯೊಳಗೆ ನಿಂತು ದೇವರ ಭಂಡಾರವನ್ನು, ಆ ಅರಿಸಿನದ ಪುಡಿಯನ್ನು, ಅಣ್ಣನ ಮೇಲೆ ತೂರುತ್ತಿದ್ದರು. ದೇವರು ಮೈಮೇಲೆ ಬಂದರೆ ಪೂಜಾರಿ ಎದ್ದು ನಿಲ್ಲಬೇಕು, ತಲೆ ಝಾಡಿಸಬೇಕು, ದೇವರ ನುಡಿ ಹೇಳಬೇಕು. ಇದು ನನಗೆ ಗೊತ್ತಿದ್ದ ಸಂಗತಿ, ನಾನು ಅದನ್ನು ನೋಡುತ್ತಲೇ ಬೆಳೆದವನು. ಮುದುಕರ ಭುಜ ದಿಂಬಿನಿಂದ ಮೇಲೆದ್ದಿತ್ತು.

ಎರಡೂ ಅಂಗೈಯಿಂದ ಅವರ ಕೆನ್ನೆ ಹಿಡಿದು ತಲೆಯನ್ನು ಮೆಲ್ಲಗೆ ಕೆಳಗಿಳಿಸಿದೆ.

"ಯಾರು?"

"ನಾನ್ರಿ ಮುತ್ಯಾ. ಡಾಕ್ಟರ."

"ಹಾಂ." ಉಸಿರು ಇಳಿಯಿತು. "ನೀ ಹಿಡದ ಕೂಡ್ಲೆ ಹಿಂಡು ಹಿಂದಕ ಸರೀತು ನೋಡು."

ಆ ಗಳಿಗೆಯಲ್ಲಿ ಆ ಮಾತು ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ತಮ್ಮ ನನ್ನ ತೋಳು ಹಿಡಿದಿದ್ದರು.

"ಬೀರಪ್ಪ ಬಂದಾನ. ನೀ ಅಡ್ಡ ನಿಂದರಬ್ಯಾಡ."

"ಕಾಕಾ, ತಲಿ ಝಾಡಿಸಿದ್ರ ಕಣ್ಣು ಹೋಗತೈತ್ರಿ. ಇರೋದು ಒಂದು."

"ನಾಕ ಅಕ್ಷರ ಕಲ್ತು ಮನಿದೇವರ್ನ ಮರತೀ ಏನಲೇ? ನಿಮ್ಮಪ್ಪನೂ ಇವನ ನುಡಿ ಕೇಳೇ ಹಿಂಡು ಹೊಡಕೊಂಡು ಹೊಳಿ ದಾಟ್ಯಾನ."

"ಮರತಿಲ್ರಿ. ಅದಕ ಕೈ ಮುಗದು ಕೇಳಾಕತ್ತೇನಿ."

ಅವರೂ ಕೆಟ್ಟ ಮನುಷ್ಯರಲ್ಲ. ಆ ವರ್ಷ ಹಿಂಡುಗಳನ್ನು ಯಾವ ಕಡೆ ಹೊಡೆಯಬೇಕೆಂದು ಊರೆಲ್ಲ ಪೂಜಾರಿಯ ನುಡಿಗೆ ಕಾದಿತ್ತು. ನರ್ಸಬಾಯಿ ಮಂಚಕ್ಕೆ ಅಡ್ಡ ಬಂದು ನಿಂತಮೇಲೆ ಹೊರಟರು. ಹೋಗುವಾಗ ಹೇಳಿದರು: "ನಾಳಿಗಿ ಬಂಡಿ ತರತೇವಿ. ದೇವರು ಬಂದಾವನ್ನ ಸಾಲ್ಯಾಗ ಕಟ್ಟಿ ಹಾಕಾಕ ಬರಂಗಿಲ್ಲ. ಗುಡೀಗಿ ಒಯ್ತೇವಿ."

ಬೀಳಗಿಯ ದಾರಿಯಲ್ಲಿ ಎತ್ತಿನ ಚಕ್ಕಡಿಯ ಕುಲುಕಾಟ ಹೇಗಿರುತ್ತದೆ ಎಂಬುದು ನನಗೆ ಗೊತ್ತು. ಅರ್ಧ ದಾರಿಗೂ ಆ ಕಣ್ಣು ಉಳಿಯುತ್ತಿರಲಿಲ್ಲ.

ಭಂಡಾರ ಬಿದ್ದ ಪಟ್ಟಿ ಬಿಚ್ಚಿ, ಮಬ್ಬುಗತ್ತಲಲ್ಲಿ ರೆಪ್ಪೆ ತೊಳೆದು ನೋಡಿದೆ. ಗಾಯ ಬಿಚ್ಚಿರಲಿಲ್ಲ. ಹೊಸ ಪಟ್ಟಿ ಕಟ್ಟುವಷ್ಟು ಹೊತ್ತು ಅವರು ನೆಟ್ಟಗೆ ಮಾತಾಡಿದರು, ಊರು ಹೇಳಿದರು, ಹೆಂಡತಿ ಉಂಡಳೇ ಎಂದು ಕೇಳಿದರು. ಕೈ ತೆಗೆದು ಹೊರಗೆ ಬಂದ ಸ್ವಲ್ಪ ಹೊತ್ತಿಗೆ ಮತ್ತೆ ಕುರಿಗಳನ್ನು ಕರೆಯತೊಡಗಿದರು. ಇನ್ನೊಂದು ಸೂಜಿ ಹಾಕದೆ ಬೇರೆ ದಾರಿ ತೋಚಲಿಲ್ಲ. ಅರ್ಧ ಪ್ರಮಾಣ ಹಾಕಿ ಹಾಲಿಗೆ ಹೋದೆ.

ಹಾಲಿನಲ್ಲಿ ಸೀರೆ ನೇಯುವ ಮನೆಯ ಹೆಂಗಸೊಬ್ಬಳು ಕಣ್ಣು ಕಟ್ಟಿಕೊಂಡು ಮಲಗಿ ಪಕ್ಕದ ಮಂಚಕ್ಕೆ ಕೇಳುವಂತೆ ಹೇಳುತ್ತಿದ್ದಳು.

"ನನಗ ಮುಂಜಾನಿಂದ ಸೀರಿ ದಡಿ ಕಾಣಾಕತ್ತೈತಿ ನೋಡ್ರಿ. ಕೆಂಪು ದಡಿ. ಅದರ ಹಿಂದ ಹಸರು. ನೇಯೋರು ಯಾರೂ ಇಲ್ಲ, ತಾನಽ ಬಿಚ್ಚಿಕೋಂತ ಹೊಂಟೈತಿ."

"ಮುಗದ ಮ್ಯಾಲ ನಮ್ಮಾಕಿಗೊಂದು ಕೊಡಬೇ," ಅಂದ ಪಕ್ಕದ ಮುದುಕ.

"ನಿಮ್ಮಾಕಿಗೆ ಹಸರು ಒಪ್ಪಂಗಿಲ್ಲ."

"ನೀ ಎಲ್ಲಿ ನೋಡೀದಿ ಆಕೀನ?"

"ದಿನಾ ಬಂದು ನಿನಗ ಬೈತಾಳಲ್ಲ, ದನಿ ಕೇಳೇ ಹೇಳ್ದೆ."

ಹಾಲಿನ ತುಂಬ ನಗೆ. ನಗಬೇಡಿ, ಕಣ್ಣು ಅಲುಗುತ್ತವೆ ಎಂದು ನಾನು ಗದರಿದೆ. ಗದರಿದ ಮೇಲೆ ನಿಂತಲ್ಲೇ ನಿಂತೆ. ಒಬ್ಬೊಬ್ಬರನ್ನೇ ಕೇಳುತ್ತ ಹೋದೆ. ಎಲ್ಲರಿಗೂ ಅಲ್ಲ, ಆದರೆ ಕೆಲವರಿಗೆ ಏನೋ ಕಾಣುತ್ತಿತ್ತು. ಒಬ್ಬನಿಗೆ ಬೆಳಕಿನ ಚೌಕಗಳು. ಇನ್ನೊಬ್ಬನಿಗೆ ಗುರುತಿಲ್ಲದ ಮುಖಗಳು, ಹತ್ತಿರ ಬಂದು ಹೋಗುತ್ತಿದ್ದವು. ಯಾರೂ ಅದನ್ನು ಡಾಕ್ಟರಿಗೆ ಹೇಳುವ ಸಂಗತಿ ಎಂದು ತಿಳಿದಿರಲಿಲ್ಲ. ಅದರ ಜೊತೆಗೇ ಉಣ್ಣುತ್ತಿದ್ದರು, ಜಗಳಾಡುತ್ತಿದ್ದರು. ಹಾಗಾದರೆ ಕಾಣುವುದು ರೋಗವಲ್ಲ. ಮುದುಕರಿಗೆ ಆದದ್ದು ಬೇರೆ ಏನೋ.

ಏನೆಂದು ಹೊರಗೆ ನಿಂತು ತಿಳಿಯುವಂತಿರಲಿಲ್ಲ. ನಾನು ನರ್ಸಬಾಯಿಗೆ ಹತ್ತಿಯ ಮೆತ್ತೆ ಮತ್ತು ಪಟ್ಟಿ ತರಲು ಹೇಳಿದೆ.

"ಯಾರಿಗ್ರಿ?"

"ನನಗ. ಎರಡೂ ಕಣ್ಣು ಕಟ್ರಿ."

ಆಕೆ ನನ್ನ ಮುಖ ನೋಡಿದಳು. "ಡಾಕ್ಟರಽ, ಇದ್ದವರು ನಾವಿಬ್ರು. ಅದರಾಗ ಒಬ್ರು ಕುಡ್ಡರಾದ್ರ ಛಲೋ ಆತು ಬಿಡ್ರಿ."

ಆದರೂ ಕಟ್ಟಿದಳು, ಬಿಗಿಯಾಗಿ. ಏನಾದರೂ ಆದರೆ ಬಂದು ಕರೆಯಲು ಹೇಳಿ, ಸೂಜಿಯ ಮಂಪರಿನಲ್ಲಿದ್ದ ಮುದುಕರ ಮಂಚದ ಬುಡದಲ್ಲಿ ಚಾಪೆ ಹಾಸಿ ಅಂಗಾತ ಮಲಗಿದೆ.

ಮೊದಲು ಬರಿ ಕತ್ತಲು. ಅವರ ಉಸಿರು, ನನ್ನ ಉಸಿರು. ಕೆಲಹೊತ್ತಿನ ನಂತರ ಯಾವುದು ಯಾರದೆಂದು ಹೇಳಲಾಗಲಿಲ್ಲ. ಕತ್ತಲು ಒಂದೇ ಸಮ ಉಳಿಯಲಿಲ್ಲ. ಅದರಲ್ಲಿ ಕಾಳು ಚೆಲ್ಲಿದಂತೆ ಬೆಳಕಿನ ಚುಕ್ಕೆಗಳು ಬಂದವು, ಚುಕ್ಕೆಗಳು ಸಾಲಾದವು, ಸಾಲುಗಳು ಜಾಳಿಗೆಯಾಗಿ ಅತ್ತಿತ್ತ ತೂಗಿದವು. ನಾನು ಮಲಗಿದ ನೆಲ ಸ್ವಲ್ಪ ವಾಲಿತು. ನನ್ನ ಕೈ ಎಲ್ಲಿದೆ ಎಂದು ನೆನೆಸಿದೆ, ಅದು ಬಹಳ ದೂರದಲ್ಲಿ, ಬೇರೆ ಯಾರದೋ ಹೊಲದಲ್ಲಿ ಇದ್ದಂತೆ ಅನ್ನಿಸಿತು. ಜಾಳಿಗೆ ಬಿಚ್ಚಿಕೊಂಡು ಮಟ್ಟಸವಾದ ಎರೆಭೂಮಿಯಾಯಿತು. ಅದರ ತುದಿಗೆ ಯಾರೋ ಬೆನ್ನು ಹಾಕಿ ನಿಂತಿದ್ದರು. ಇದು ಸುಳ್ಳೆಂದು ನನಗೆ ಗೊತ್ತಿತ್ತು. ಆ ಗೊತ್ತಿರುವುದೂ ತೆಳ್ಳಗಾಗುತ್ತ ಹೊರಟಿತು. ಆ ಮನುಷ್ಯ ತಿರುಗಿದರೆ ಎದ್ದು ಹೋಗಿ ಮಾತಾಡಿಸಬೇಕು ಅಂದುಕೊಂಡದ್ದು ನೆನಪಿದೆ.

ಆಗ ನರ್ಸಬಾಯಿ ಭುಜ ಮುಟ್ಟಿದಳು. "ಜೀವ ಐತೇನ್ರಿ?"

ಮುಟ್ಟಿದ್ದೇ ತಡ ಭೂಮಿ ಇಲ್ಲ, ಮನುಷ್ಯ ಇಲ್ಲ. ಬೆನ್ನ ಕೆಳಗೆ ಚಾಪೆ ಇತ್ತು, ಚಾಪೆಯ ಕೆಳಗೆ ಕಲ್ಲು ಇತ್ತು, ಹೊರಗೆ ಆಯಿಯ ಕದಿರಿನ ಸಣ್ಣ ಗುಂಯ್‌ಗುಡುವಿಕೆ ಇತ್ತು. ಅದು ಮೊದಲಿನಿಂದಲೂ ಇದ್ದಿರಬೇಕು, ನನಗೆ ಕೇಳಿಸಿದ್ದು ಆಗ.

ಕಣ್ಣು ಸುದ್ದಿ ತರುವುದನ್ನು ನಿಲ್ಲಿಸಿದರೆ ಮಿದುಳು ಸುಮ್ಮನೆ ಕೂಡುವುದಿಲ್ಲ. ಮನೆಯಲ್ಲಿ ಇದ್ದ ಸಾಮಾನಿನಿಂದಲೇ ತಾನು ಒಂದು ಲೋಕ ಕಟ್ಟತೊಡಗುತ್ತದೆ. ನೇಯುವವಳಿಗೆ ದಡಿ, ಕುರುಬನಿಗೆ ಕುರಿ. ಕಿವಿ, ಚರ್ಮ, ಮೂಗು ಸುದ್ದಿ ತರುತ್ತಿದ್ದರೆ ಆ ಲೋಕ ಆಟವಾಗಿ ಉಳಿಯುತ್ತದೆ. ಅವೂ ಮುಚ್ಚಿದರೆ ಅದೇ ಖರೆ ಲೋಕ. ಮುದುಕರಿಗೆ ನಾವು ಕಣ್ಣೊಂದನ್ನೇ ಕಟ್ಟಿರಲಿಲ್ಲ. ಆ ಕೋಣೆ ಕಿವಿ ಕಟ್ಟಿತ್ತು, ವ್ರತ ಚರ್ಮ ಕಟ್ಟಿತ್ತು, ಸೂಜಿ ಉಳಿದದ್ದನ್ನು ಕಟ್ಟಿತ್ತು.

ಪಟ್ಟಿ ಬಿಚ್ಚಿಕೊಂಡು ಎದ್ದವನು ಹೇಳಿದೆ: "ಮುತ್ಯಾನ ಹಾಲಿಗೆ ಒಯ್ಯೂಣು. ಇನ್ನ ಸೂಜಿ ಬ್ಯಾಡ."

"ಸಾಹೇಬ್ರು ಶಾಂತ ಇರಬೇಕಂದಾರ್ರಿ. ಎತ್ತಿ ಒಯ್ಯುವಾಗ ಕಣ್ಣಿಗೆ ಏನರ ಆದ್ರ?"

"ಆದ್ರ ನನ್ನ ಕೈಯಾಗ ಆತು ಅನ್ರಿ."

ಆ ಮಾತು ಸುಲಭವಾಗಿ ಬರಲಿಲ್ಲ. ನನ್ನಂಥವನು ಒಂದು ಕಣ್ಣು ಕಳೆದರೆ ಆ ಕಣ್ಣಷ್ಟೇ ಹೋಗುವುದಿಲ್ಲ, ನನ್ನ ಹಿಂದೆ ಬರಬೇಕೆಂದಿರುವವರ ದಾರಿಯೂ ಹೋಗುತ್ತದೆ ಎಂಬುದು ನನಗೆ ಯಾವಾಗಲೂ ಗೊತ್ತಿತ್ತು. ಆದರೂ ಹೇಳಿದೆ.

ಮಂಚದ ನಾಲ್ಕು ಮೂಲೆಗೆ ನಾಲ್ವರು. ನಾನು ತಲೆಯ ಕಡೆ ಬಗ್ಗಿ, ಎರಡೂ ಅಂಗೈ ಅವರ ಕೆನ್ನೆಗೆ ಆನಿಸಿ, ಹಿಂದುಹಿಂದಾಗಿ ನಡೆದೆ. ಹೊಸ್ತಿಲು ಬಂತು ಮುತ್ಯಾ, ವರಾಂಡ ಬಂತು, ಈಗ ಬಿಸಿಲು ಹತ್ತತೈತಿ, ಈಗ ನೆರಳು ಎಂದು ದಾರಿಯುದ್ದಕ್ಕೂ ಹೇಳುತ್ತ ಹೋದೆ. ಬೀದಿಗೆ ತೆರೆದ ಕಿಟಕಿಯ ಕೆಳಗೆ ಮಂಚ ಇಳಿಸಿದೆವು. ಆಚೆ ಓಣಿಯ ಮಗ್ಗಗಳು ಬಡಿಯುತ್ತಿದ್ದವು. ಅವರ ಸ್ವಂತ ಕಂಬಳಿಯನ್ನು ಎದೆಯ ಮೇಲೆ ಹೊದಿಸಿದೆ. ಅವರು ಅದರ ಅಂಚನ್ನು ಬೆರಳಲ್ಲಿ ತಿಕ್ಕಿ ನೋಡಿದರು.

ಉಳಿದದ್ದು ಒಂದು. ಆಯಿಯನ್ನು ಕರೆದು, ಅವರ ಕೈ ಹಿಡಿದು ಕೂಡಬೇಕು ಅಂದೆ.

"ವ್ರತ ಐತಿ, ಯಪ್ಪಾ."

"ಗೊತ್ತೈತ್ರಿ ಆಯಿ. ನಾ ಹೇಳಾಂವ ಅಲ್ಲ, ಕೇಳಾಂವ."

ಆಕೆ ಕದಿರನ್ನು ಮಡಿಲಲ್ಲಿ ಇಟ್ಟುಕೊಂಡು ಗಂಡನ ಕಟ್ಟಿದ ಮುಖವನ್ನು ನೋಡಿದಳು. ಆಮೇಲೆ ಯಾರಿಗೋ ಉತ್ತರ ಕೊಡುವಂತೆ, "ಕಣ್ಣು ಕೊಯ್ದಾಂವ ಮುಟ್ಯಾನ. ನರ್ಸಬಾಯಿ ಮುಟ್ಯಾಳ. ಮಂಚ ಹೊತ್ತವರೆಲ್ಲಾ ಮುಟ್ಯಾರ. ನಾ ಒಬ್ಬಾಕಿ ಏನ ಪಾಪ ಮಾಡೇನಿ?" ಅಂದು ಕೈ ಹಿಡಿದಳು.

"ಬಂದೇನು?" ಅಂದರು ಮುದುಕರು.

"ನಾ ಎಲ್ಲಿಗಿ ಹೋಗಿದ್ದೆ? ನೀನಽ ಕುರಿ ಬೆನ್ನ ಹತ್ತಿ ಹ್ವಾದಿ."

ಮರುದಿನ ಚಕ್ಕಡಿ ಬಂತು. ತಮ್ಮ ಹಾಲಿಗೆ ಬಂದು, ಅಣ್ಣ ನಾಲ್ಕು ಜನರ ನಡುವೆ ಮಲಗಿರುವುದನ್ನು, ಅವರ ಕೈ ಅತ್ತಿಗೆಯ ಕೈಯಲ್ಲಿ ಇರುವುದನ್ನು ನೋಡಿ ಮುಖ ಗಂಟಿಕ್ಕಿದರು. ನಾನು ಅವರ ಜೊತೆ ವಾದಕ್ಕೆ ಹೋಗಲಿಲ್ಲ. ರೋಗಿಯನ್ನು ಕೇಳುವ ರೀತಿಯಲ್ಲಿ ಮುದುಕರನ್ನೇ ಕೇಳಿದೆ.

"ಮುತ್ಯಾ, ಬೀರಪ್ಪ ಮೈಮ್ಯಾಲ ಬಂದಾಗ ಏನೇನ ಕಾಣತಾವ್ರಿ?"

"ಏನೂ ಕಾಣಂಗಿಲ್ಲ. ಅಂವಾ ಬಂದ್ರ ನಾ ಇರಂಗಿಲ್ಲ. ಇಳದ ಮ್ಯಾಲ ನಾ ಏನ ನುಡದೆ ಅಂತ ಮಂದೀನಽ ಹೇಳಬೇಕು."

"ಮತ್ತ ಈ ಕುರಿ, ಈ ಮಂದಿ?"

"ಎಲ್ಲಾ ನೆನಪೈತಿ. ಬಾಲ ಸೈತ ಎಣಸ್ತೇನಿ." ತಮ್ಮನ ಹೆಜ್ಜೆಸದ್ದು ನಿಂತ ಕಡೆಗೆ ಹೇಳಿದರು: "ಇದು ಅಂವಾ ಅಲ್ಲಲೇ. ಅಂವಾ ಬಂದ್ರ ನನಗ ಗೊತ್ತಾಗಂಗಿಲ್ಲೇನು? ಬಂಡಿ ಒಯ್ಯಿ. ಕಣ್ಣು ಬಿಚ್ಚಿದ ಮ್ಯಾಲ ನಾನಽ ಬರತೇನಿ."

ತಮ್ಮ ಮಂಚದ ಹತ್ತಿರ ಬಂದರು. ಸೊಂಟದಿಂದ ಭಂಡಾರದ ಚೀಲ ತೆಗೆದು, ತೂರದೆ, ಅತ್ತಿಗೆಯ ಸೆರಗಿನಲ್ಲಿ ಕಟ್ಟಿದರು. ನನ್ನ ಕಡೆ ತಿರುಗಿ, "ಕಣ್ಣು ಹೋತಂದ್ರ ಊರಿಗಿ ಮಾರಿ ತೋರಸಬ್ಯಾಡ," ಅಂದು ಹೋದರು.

ಕುರಿಗಳು ಹೋಗಲಿಲ್ಲ. ಅದನ್ನೂ ಹೇಳಬೇಕು. ಹಾಲಿಗೆ ಬಂದ ಮೇಲೂ ಅವರಿಗೆ ಕಾಣುತ್ತಲೇ ಇತ್ತು, ಆದರೆ ಅವರು ಅದರ ಹಿಂದೆ ಹೋಗುವುದು ನಿಂತಿತ್ತು. ಮಧ್ಯಾಹ್ನದ ಬಿಸಿಲಿಗೆ ಮಗ್ಗಗಳ ಸದ್ದು ಮಂದವಾದಾಗ ನೇಯುವವಳು, "ಮುತ್ಯಾ, ಇವತ್ತ ಏನ ಬಂದೈತ್ರಿ?" ಎಂದು ಕೇಳುವಳು. ಮೂತಿ ಉದ್ದನೆಯ ಮುಧೋಳದ ನಾಯಿಯೊಂದು ಹೊಗೆಯ ಹಾಗೆ ಓಡುತ್ತಿದೆ, ಅನ್ನುವರು. ಚಿಮ್ಮಡದ ದಾರಿಯುದ್ದಕ್ಕೂ ಯಾರೋ ನೀಲಿ ಸೀರೆ ಹಾಸಿದ್ದಾರೆ, ಅದರ ಮೇಲೆ ಹಿಂಡು ನಡೆದಿದೆ, ಅನ್ನುವರು. ಹಾಲಿನಲ್ಲಿ ಕಣ್ಣು ಕಟ್ಟಿ ಮಲಗಿದವರೆಲ್ಲ ಆ ಹಿಂಡು ದಾಟುವುದನ್ನು ಕೇಳುತ್ತಿದ್ದರು. ನಾನೂ ಔಷಧದ ಬಟ್ಟಲು ಹಿಡಿದು ನಿಂತುಬಿಡುತ್ತಿದ್ದೆ. ಆಯಿ ಒಂದು ಕೈಯಲ್ಲಿ ಅವರನ್ನು ಹಿಡಿದೇ ಇರುತ್ತಿದ್ದಳು. ಕದಿರು ನೂಲುವುದು ಆ ದಿನಗಳಲ್ಲಿ ನಿಂತೇ ಹೋಯಿತು.

ಸರ್ಜನ್ ಸಾಹೇಬರು ಜಮಖಂಡಿಯಿಂದ ಬಂದವರು ಹಾಲಿನ ಗದ್ದಲ ಕೇಳಿ ಬಾಗಿಲಲ್ಲೇ ನಿಂತರು. ತೆರೆದ ಕಿಟಕಿ, ಮಂಚದ ಮೇಲೆ ಕೂತ ಹೆಂಗಸು, ಕಂಬಳಿ ಎಲ್ಲವನ್ನೂ ನೋಡಿದರು. ನಾನು ಮಾಡಿದ್ದನ್ನು ಮಾಡಿದ ಹಾಗೇ ಹೇಳಿದೆ, ಸೂಜಿಯನ್ನೂ ಸೇರಿಸಿ. ಅವರು ಮಂಚದ ಬಳಿ ಬಂದು ಪಟ್ಟಿ ಬಿಚ್ಚಿದರು, ಟಾರ್ಚು ಓರೆಯಾಗಿ ಹಿಡಿದು ಗಾಯ ನೋಡಿದರು. ನೋಡುತ್ತಲೇ ಇದ್ದರು.

"ಕೂಡಿದೆ," ಅಂದರು. "ಚೆನ್ನಾಗಿ ಕೂಡಿದೆ. ದಪ್ಪ ಗಾಜು ಹಾಕಿ ತೋರಿಸು."

ತೆಗೆದ ಮಸೂರದ ಬದಲಿಗೆ ಕೊಡುವ ದಪ್ಪ ಗಾಜನ್ನು ಪೆಟ್ಟಿಗೆಯಿಂದ ತೆಗೆದು ಮುದುಕರ ಕಣ್ಣ ಮುಂದೆ ಹಿಡಿದು, ಇನ್ನೊಂದು ಕೈಯ ಬೆರಳು ಎತ್ತಿದೆ.

"ಎಷ್ಟು ಬೆರಳ್ರಿ ಮುತ್ಯಾ?"

ಅವರು ಬೆರಳು ನೋಡಲಿಲ್ಲ. ಮೊದಲು ಹೆಂಡತಿಯನ್ನು ನೋಡಿದರು, ಗೋಡೆ ನೋಡಿದರು, ತೊಲೆ ನೋಡಿದರು.

"ಹ್ವಾದುವೇನು?"

"ಹ್ವಾದುವು," ಅಂದಳು ಆಯಿ.

"ಛಲೋ ಇದ್ದುವು. ನಮ್ಮವಕಿಂತ ಬೆಳ್ಳಗಿದ್ದುವು."

ಆಮೇಲೆ ನನ್ನ ಕಡೆ ತಿರುಗಿದರು. ಬಿಳಿಯ ಕೋಟು, ಕೊರಳಲ್ಲಿದ್ದ ಸ್ಟೆತಾಸ್ಕೋಪಿನ ನಳಿಗೆ, ಮುಖ ಎಲ್ಲವನ್ನೂ ಸಾವಕಾಶವಾಗಿ ನೋಡಿ ಹುಬ್ಬು ಗಂಟಿಕ್ಕಿದರು.

"ನೀ ಯಾರು?"

"ಡಾಕ್ಟರ್ರಿ. ದಿನಾ ಗಂಜಿ ಕುಡಸ್ತಿದ್ದೆ."

"ಅಲ್ಲ. ಡಾಕ್ಟರನ್ನ ನಾ ದಿನಾ ನೋಡೇನಿ. ಮಂಚದ ತಲಿಕಡೆ ನಿಂದರತಿದ್ದ. ಹೆಗಲ ಮ್ಯಾಲ ಕಂಬಳಿ, ಕೈಯಾಗ ಕೋಲು, ನೆರತ ಮೀಸಿ. ನಿನ್ನ ದನೀನಽ ಅವಂದು."

ಆ ಶಾಲೆಯಲ್ಲಿ ನಾನು ಸಾಹೇಬರ ಜೊತೆ ಇಂಗ್ಲಿಷಿನಲ್ಲಿ, ಬೇರೆ ರೋಗಿಗಳ ಜೊತೆ ತಿದ್ದಿದ ಮಾತಿನಲ್ಲಿ ಮಾತಾಡುತ್ತಿದ್ದೆ. ರೋಗಿಗಳ ಪೈಕಿ ಈ ಒಬ್ಬರ ಜೊತೆ ಮಾತ್ರ ನಮ್ಮ ಮನೆಯಲ್ಲಿ ಮಾತಾಡುವಂತೆ ಮಾತಾಡಿದ್ದೆ. ಬರಿ ಆ ದನಿಯಿಂದ ಅವರ ಮಿದುಳು ಒಬ್ಬ ಮನುಷ್ಯನನ್ನು ಕಟ್ಟಿ ನಿಲ್ಲಿಸಿತ್ತು. ಆ ಕಂಬಳಿ, ಆ ಕೋಲು, ಆ ಮೀಸೆ ನನಗೆ ಗುರುತಿದ್ದವು.

ಸರ್ಜನ್ ಸಾಹೇಬರಿಗೆ ಮುದುಕರ ಮಾತು ಪೂರ್ತಿ ತಿಳಿಯಲಿಲ್ಲ. "ಏನಂತಾರೆ? ಇನ್ನೂ ಭ್ರಮೆ ಇದೆಯೇ?"

"ಇಲ್ಲ ಸರ್," ಅಂದೆ. ಮುಂದಿನ ಮಾತು ಇಂಗ್ಲಿಷಿನಲ್ಲಿ ಬರಲಿಲ್ಲ. "ನಮ್ಮಪ್ಪನ್ನ ನೋಡ್ಯಾರ."